ಏಳನೇ ಓಣಿಗೆ ಮೊದಲ ಪಾಳಿ

ಪಾಳಿ ವರ್ಷ ನೂರ ಇಪ್ಪತ್ತಾರು, ಎಳೆಬಿಸಿಲ ತಿಂಗಳು, ಮೂವತ್ತೆಂಟನೇ ದಿನ
ಏಳನೇ ಓಣಿ, ಕರಿಹೊಳೆ

ಮಾನ್ಯ ನೀಲಗಂಗಾ ಬಣಕಾರ ಅಕ್ಕಾರಿಗೆ,
ಗುಮಾಸ್ತೆ, ಕರಿಹೊಳೆ ಗ್ರಾಮೀಣ ವಿದ್ಯುತ್ ಸಹಕಾರ ಸಂಘ

ಹೆದರಬೇಡಿ, ಇದು ಬಿಲ್ ಅಲ್ಲ. ರಿಪೇರಿಗೆಂದು ಬಂದು ನಿಮ್ಮ ಮೇಜಿನ ಮೇಲೆ ಬಿದ್ದಿರುವ ಬಿಲ್ ಮಷಿನ್ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ತಾನಾಗಿಯೇ ಕಾಗದ ಬಿಡತೊಡಗಿದರೆ, ಅದು ಇನ್ನಷ್ಟು ಕೆಟ್ಟಿತು ಎಂದುಕೊಳ್ಳಬೇಡಿ. ಬರೆಯುತ್ತಿರುವವಳು ನಾನು. ಹೆಸರು ಹೊನ್ನೂರಿ, ವಯಸ್ಸು ಹತ್ತೊಂಬತ್ತು, ನಿಮ್ಮದೇ ಊರು. ನಡುವೆ ನೂರ ಇಪ್ಪತ್ತಾರು ವರ್ಷ ಇದೆ, ಅಷ್ಟೇ. ನಮ್ಮಲ್ಲಿ ಹಿಂದೋಲೆ ಕಚೇರಿ ಎಂದೊಂದಿದೆ. ಹಿಂದಿನ ಕಾಲದವರಿಗೆ ಪತ್ರ ಕಳಿಸುವ ಕಚೇರಿ ಅದು. ಒಬ್ಬರಿಗೆ ಜನ್ಮದಲ್ಲಿ ಒಂದೇ ಪತ್ರ, ಅದೂ ಒಂದು ಸುರುಳಿ ಕಾಗದ ಹಿಡಿಯುವಷ್ಟು. ಯಾರ ಸಾವನ್ನೂ ಹೇಳುವಂತಿಲ್ಲ, ಯಾವ ಚುನಾವಣೆಯನ್ನೂ ಹೇಳುವಂತಿಲ್ಲ. ಕರೆಂಟಿನ ದರದ ಬಗ್ಗೆ ಎಷ್ಟು ಬೇಕಾದರೂ ಬರಿ ಎಂದು ಅಲ್ಲಿನ ಮೇಡಂ ನಕ್ಕರು. ನನಗೆ ಬೇಕಾಗಿದ್ದೂ ಅದೇ.

ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ತಪ್ಪು ತಿಳಿಯಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಸಂಘದ ಸದಸ್ಯರ ವಾಟ್ಸಾಪ್ ಗ್ರೂಪಿನಿಂದಲೇ. ಅದು ಪೂರ್ತಿ ಉಳಿದುಬಂದಿದೆ ಅಕ್ಕಾರೇ. ನಲವತ್ತೊಂದು ಸಾವಿರ ಸಂದೇಶ. ಬೆಳಗಿನ ಗುಲಾಬಿ ಹೂವುಗಳು, ಮುಗಿದ ಕೈಗಳು, ಕಳೆದುಹೋದ ಎಮ್ಮೆಯ ಫೋಟೋ, ‘ನಮ್ಮ ಓಣ್ಯಾಗ ಕರೆಂಟ್ ಐತೇನ್ರೀ’ ಎಂಬ ಪ್ರಶ್ನೆ ಆರು ಸಾವಿರ ಸಲ. ನಮ್ಮ ಓದಿನ ಬಳಗದ ಇಪ್ಪತ್ಮೂರು ಜನ ಇದನ್ನು ದಿನಾ ಓದುತ್ತೇವೆ. ಯಾವ ತಾರೀಖೋ ಆ ತಾರೀಖಿನ ಸಂದೇಶಗಳನ್ನು ಆಯಾ ಹೊತ್ತಿಗೇ ತೆರೆಯುತ್ತೇವೆ, ಮುಂದಿನದನ್ನು ಮೊದಲೇ ಇಣುಕುವವರಿಗೆ ಛೀಮಾರಿ. ಗಿರಣಿ ಬಾಳವ್ವ ಏನು ಬರೆದಾರು ಎಂದು ಕಾಯುವುದೇ ಒಂದು ಸುಖ. ಅವರು ಬರೆದದ್ದನ್ನು ಹೆಸರು ನೋಡದೆ ಗುರುತಿಸಬಲ್ಲೆ. ನಿಮ್ಮದನ್ನೂ ಗುರುತಿಸಬಲ್ಲೆ. ನೀವು ಪ್ರತಿ ವಾಕ್ಯದ ಕೊನೆಗೆ ಚುಕ್ಕಿ ಇಡುತ್ತೀರಿ. ಇಡೀ ಗ್ರೂಪಿನಲ್ಲಿ ಹಾಗೆ ಇಡುವವರು ನೀವೊಬ್ಬರೇ.

ಮೊದಲು ನಮ್ಮ ಊರು ಹೇಗಿದೆ ಎಂದು ಹೇಳುತ್ತೇನೆ. ವರ್ಷಕ್ಕೆ ಒಂಬತ್ತು ತಿಂಗಳು, ತಿಂಗಳಿಗೆ ನಲವತ್ತು ದಿನ. ಬಿಸಿಲು ಬದಲಾದ ಹಾಗೆ ಸಂಘದ ದರ ಒಂಬತ್ತು ಸಲ ಬದಲಾಗುತ್ತದೆ, ತಿಂಗಳುಗಳೂ ಅದರ ಹಿಂದೆ ಹೋದವು. ಉಳಿದ ಐದು ದಿನಗಳಿಗೆ ದರವೇ ಇಲ್ಲ. ಆ ಐದು ದಿನ ಮೀಟರಿಗೆ ಬಟ್ಟೆ ಮುಚ್ಚುತ್ತಾರೆ, ಯಾರು ಎಷ್ಟು ಉರಿಸಿದರೂ ಕೇಳುವವರಿಲ್ಲ. ವರ್ಷದಲ್ಲೇ ಅತಿ ಕಡಿಮೆ ಕರೆಂಟ್ ಹೋಗುವುದು ಆ ಐದು ದಿನವೇ. ರೂಢಿ ಬಿಡುವುದಿಲ್ಲ. ನಮ್ಮಜ್ಜಿ ಅಂತೂ ಬಟ್ಟೆ ಮುಚ್ಚಿದ ಮೀಟರಿನ ಮುಂದೆ ನಿಂತು ‘ಯಾರಿಗ್ಗೊತ್ತು, ಒಳಗಿಂದ ನೋಡ್ತಿರತೈತಿ’ ಎಂದು ಫ್ಯಾನ್ ಆರಿಸುತ್ತಾಳೆ.

ನೀವು ಅರ್ಧ ದರ ಎಂದು ಶುರು ಮಾಡಿದ ಹನ್ನೊಂದರಿಂದ ಮೂರರ ಹೊತ್ತನ್ನು ನಾವು ಬಿಸಿಲೂಟ ಎನ್ನುತ್ತೇವೆ. ಸೂರ್ಯನಿಂದ ಬಂದ ಕರೆಂಟನ್ನು ಅದು ಬಂದ ಹೊತ್ತಿಗೇ ಉಂಡು ಮುಗಿಸುವುದು ಎಂದು ಅರ್ಥ. ಹಿಟ್ಟು ಬೀಸುವುದು, ನೀರು ಎತ್ತುವುದು, ಇಸ್ತ್ರಿ, ಸ್ನಾನ ಎಲ್ಲ ಆಗ. ಮಧ್ಯಾಹ್ನ ಎದುರು ಸಿಕ್ಕವರನ್ನು ‘ಮೈ ತೊಳ್ಕೊಂಡ್ರ್ಯಾ?’ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆ. ಆಗ ಮಾಡಿದ ಅನ್ನ, ಸಾರು ಬೆಚ್ಚಗೂಡಿನಲ್ಲಿ ಕೂರುತ್ತವೆ. ಒಳಗೆ ಹೊಟ್ಟು, ಉಣ್ಣೆ ತುಂಬಿದ ಮರದ ಪೆಟ್ಟಿಗೆ ಅದು, ಸಂಜೆ ತೆರೆದರೂ ಹಬೆ ಏಳುತ್ತದೆ. ಸಂಜೆಯ ನಾಲ್ಕು ತಾಸು ದರ ಜಾಸ್ತಿ. ಆಗ ಓಣಿಗೊಂದು ಕೂಡುಮನೆಯಲ್ಲಿ ಮಾತ್ರ ಎಲ್ಲ ದೀಪ ಹಾಕುತ್ತಾರೆ, ಮಕ್ಕಳ ಓದು, ದೊಡ್ಡವರ ಜಗಳ ಎರಡೂ ಅಲ್ಲೇ. ಫ್ರಿಜ್ ಕೂಡ ಓಣಿಗೊಂದೇ, ಮನೆಗೊಂದು ಖಾನೆ. ಯಾರ ಖಾನೆಯಲ್ಲಿ ಏನಿದೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಖಾನೆಯ ಮಾವಿನಕಾಯಿ ಉಪ್ಪಿನಕಾಯಿಯ ಮೇಲೆ ಎದುರು ಮನೆಯವರ ಕಣ್ಣಿರುವುದೂ ಗೊತ್ತು.

ಹಳೆ ಬಲ್ಬ್ ಕೊಟ್ಟು ಹೊಸದು ಒಯ್ಯಿರಿ ಎಂದು ನೀವು ನಡೆಸಿದ ಯೋಜನೆ ಇನ್ನೂ ನಡೆದಿದೆ, ಬೇರೆ ರೂಪದಲ್ಲಿ. ವರ್ಷಕ್ಕೊಮ್ಮೆ ಸಂಘದ ಮನೆ ನೋಡುವವರು ಬರುತ್ತಾರೆ. ಫ್ಯಾನಿನ ಸದ್ದು ಕೇಳುತ್ತಾರೆ, ಮಾಳಿಗೆಗೆ ಸುಣ್ಣ ಸಾಕೇ ಎಂದು ಅಂಗೈ ಇಟ್ಟು ನೋಡುತ್ತಾರೆ, ಮೋಟರಿಗೆ ಕಿವಿ ಹಚ್ಚುತ್ತಾರೆ. ಸುಸ್ತಾದ ಯಂತ್ರ ಕಂಡರೆ ಒಯ್ದು ಬೇರೆ ಕೊಡುತ್ತಾರೆ. ಊಟ ಮಾಡದೆ ಹೋಗುವುದಿಲ್ಲ. ಯಾರದಾದರೂ ಮನೆಯಲ್ಲಿ ಮದುವೆ ಇದ್ದರೆ ಓಣಿಯವರೆಲ್ಲ ತಾವು ಉಳಿಸಿದ ಯೂನಿಟ್ ಆ ಮನೆಗೆ ಬರೆಸುತ್ತಾರೆ. ಅದಕ್ಕೆ ಮುಯ್ಯಿ ಯೂನಿಟ್ ಎಂದು ಹೆಸರು. ಕೊಟ್ಟವರು ಮರೆತರೂ ಪಡೆದವರು ಮರೆಯುವಂತಿಲ್ಲ.

ಇದಕ್ಕೆಲ್ಲ ಕಟ್ಟು ಹಾಕಿರುವುದು ಪಾಳಿ. ನಮ್ಮ ವರ್ಷದ ಎಣಿಕೆಯೂ ಪಾಳಿ ಶುರುವಾದ ದಿನದಿಂದಲೇ. ಬಿಸಿಲೂಟದ ಹೊತ್ತಿಗೆ ಏಳೂ ಓಣಿಗಳು ಒಟ್ಟಿಗೆ ಬಟನ್ ಒತ್ತುವುದಿಲ್ಲ. ಏಳನೇ ಓಣಿ ಮೊದಲು. ಅದು ಹಾಕಿಯಾದ ಮೇಲೆ ಗಂಟೆ ಬಾರಿಸುತ್ತದೆ, ಆಗ ಆರನೆಯದು, ಆಮೇಲೆ ಐದನೆಯದು, ಹೀಗೆ ಮೊದಲನೇ ಓಣಿ ಕೊನೆಗೆ. ಏಳನೇ ಓಣಿಯೇ ಯಾಕೆ ಮೊದಲು? ಯಾರಿಗೂ ಗೊತ್ತಿಲ್ಲ. ಸಂಘದ ಅಂದಿನ ಅಧ್ಯಕ್ಷರಾದ ಶಿವಬಸಣ್ಣನವರು ಪಾಳಿ ಕಂಡುಹಿಡಿದರು, ಅವರ ಸೋದರಮಾವನ ಮನೆ ಏಳನೇ ಓಣಿಯಲ್ಲಿತ್ತು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದರ ಹೆಸರೇ ಶಿವಬಸವ ಪಾಳಿ. ನಾನೂ ಹದಿನೇಳು ವರ್ಷ ಹಾಗೆಂದೇ ನಂಬಿದ್ದೆ.

ಆಮೇಲೆ ದಸ್ತಗೀರ ಅವರ ವಾಯ್ಸ್ ಮೆಸೇಜ್ ಕೇಳಿದೆ.

ನಿಮಗೆ ಯಾವುದು ಎಂದು ಗೊತ್ತಿರಬೇಕು. ನಿಮ್ಮ ಲೈನ್‌ಮನ್ ದಸ್ತಗೀರ, ಅರ್ಧ ದರದ ನೋಟಿಸಿಗೆ ಆರು ದಿನ ಮೊದಲು, ಗ್ರೂಪಿನಲ್ಲಿ ಹಾಕಿದ್ದು. ಒಂದು ನಿಮಿಷ ಐವತ್ತು ಸೆಕೆಂಡ್. ಹಿಂದೆ ಕೋಳಿ ಕೂಗುತ್ತದೆ, ಯಾರೋ ಬೈಕ್ ಕಿಕ್ ಹೊಡೆಯುತ್ತಾರೆ. ನನಗೆ ಬಾಯಿಪಾಠ ಇದೆ:

“ಅಕ್ಕಾರ, ನಾ ದಸ್ತಗೀರ ಮಾತಾಡಾಕತ್ತೀನ್ರಿ. ಅರ್ಧಾ ರೇಟ್ ಮಾಡೂದು ಚೊಲೋ ಆತು. ಆದ್ರ ಎಲ್ಲಾರಿಗೂ ಒಂದ ಟೈಮ್ ಕೊಡಬ್ಯಾಡ್ರಿ. ನಮ್ಮ ಮಂದಿ ಗೊತ್ತೈತಲ್ರಿ, ಹನ್ನೊಂದು ಅಂದ್ರ ಹನ್ನೊಂದಕ್ಕ ಬಟನ್ ಮ್ಯಾಲ ಬೆರಳ ಇಟ್ಕೊಂಡ್ ಕುಂದರ್ತಾರ. ಟಿ.ಸಿ. ತಡಿಯಂಗಿಲ್ಲ. ಓಣಿ ಓಣಿ ಮಾಡ್ರಿ. ಮೊದಲ ಏಳನೇ ಓಣಿ ಬಿಡ್ರಿ. ಅವ್ರು ಲೈನಿನ ತುದೀಗ್ ಅದಾರ, ಉಳದಾರೆಲ್ಲಾ ಹಾಕಿದ ಮ್ಯಾಲ ಅವ್ರ ಮನ್ಯಾಗ ಫ್ಯಾನು ಸೈತ ತಿರಗಂಗಿಲ್ಲ...”

ಟಿ.ಸಿ. ಅಂದರೆ ನಿಮ್ಮ ಕಾಲದ ಟ್ರಾನ್ಸ್‌ಫಾರ್ಮರ್ ಎಂದು ನಾನು ಆಮೇಲೆ ತಿಳಿದುಕೊಂಡೆ. ಆ ಸಂದೇಶವನ್ನು ಊರು ಕೇಳಲಿಲ್ಲ. ಅದರ ಕೆಳಗೇ ಬಾಳವ್ವ ಬರೆದಿದ್ದಾರೆ: “ದಸ್ತಗೀರಾ, ನಿನ್ನ ಮಾತು ಮುಗಿಯೂದ್ರಾಗ ನಾ ಎರಡ್ ಡಬ್ಬಿ ಜ್ವಾಳ ಬೀಸ್ತೀನಿ. ಸಣ್ಣದ್ ಮಾಡಿ ಹೇಳೋ ಮಾರಾಯಾ.” ಎಲ್ಲರೂ ನಗುವ ಮುಖಗಳನ್ನು ಹಾಕಿದರು. ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬ ಬಂತು, ನಲವತ್ತು ಕೇಕುಗಳು ಬಂದವು, ಮಾತು ಮೇಲೆ ಹೋಯಿತು.

ಒಬ್ಬರು ಮಾತ್ರ ಅದಕ್ಕೆ ಮೆಚ್ಚುಗೆಯ ಹೆಬ್ಬೆರಳು ಒತ್ತಿದ್ದಾರೆ. ನೀವು. ಸಂದೇಶ ಬಂದು ಎರಡು ನಿಮಿಷಕ್ಕೆ. ಪೂರ್ತಿ ಕೇಳಿ ಒತ್ತಲು ಹಿಡಿಯುವಷ್ಟೇ ಹೊತ್ತು.

ಆರು ದಿನದ ಮೇಲೆ ನೀವು ಹಾಕಿದ ನೋಟಿಸ್ ಹೀಗಿದೆ: ‘ಸೋಮವಾರದಿಂದ ಸರಿಯಾಗಿ ಹನ್ನೊಂದು ಗಂಟೆಯಿಂದ ಮೂರು ಗಂಟೆಯವರೆಗೆ ಅರ್ಧ ದರ. ಹೊಸ ಮೀಟರುಗಳಲ್ಲಿ ಗಂಟೆವಾರು ಓದು ದಾಖಲಾಗುತ್ತದೆ. ಎಲ್ಲ ಸದಸ್ಯರು ಸದುಪಯೋಗ ಪಡೆಯಬೇಕು.’ ಮೂರು ವಾಕ್ಯ, ಮೂರು ಚುಕ್ಕಿ. ಓಣಿಯ ಮಾತಿಲ್ಲ. ಯಾಕೆ ಬಿಟ್ಟಿರಿ ಎಂದು ನನಗೆ ಗೊತ್ತಿಲ್ಲ. ಏಳು ಓಣಿಗೆ ಏಳು ಸಮಯ ಬರೆದರೆ ಜನರಿಗೆ ಗೊಂದಲ ಎಂದುಕೊಂಡಿರಬಹುದು. ಮರೆತೂ ಇರಬಹುದು. ನಾನು ನಿಮ್ಮ ಮೇಜಿನ ಮೇಲೆ ಎಷ್ಟು ಕೆಲಸ ಇತ್ತು ಎಂದು ಗ್ರೂಪಿನಿಂದಲೇ ಬಲ್ಲೆ, ಆದ್ದರಿಂದ ಆ ಲೆಕ್ಕಕ್ಕೆ ಹೋಗುವುದಿಲ್ಲ.

ಸೋಮವಾರದ ಸಂದೇಶಗಳನ್ನು ನಾವು ಪ್ರತಿವರ್ಷ ಕೂಡುಮನೆಯಲ್ಲಿ ಒಟ್ಟಿಗೆ ಕೂತು ಓದುತ್ತೇವೆ. ಹತ್ತು ಐವತ್ತೆಂಟಕ್ಕೆ ಬಾಳವ್ವ: “ಎಲ್ಲಾರೂ ರೆಡಿ ಅದೀರೇನ್ರೇ? ನಾ ಗಿರಣಿ ಬೆಲ್ಟ್ ಹಾಕ್ಕೊಂಡ್ ಕುಂತೀನಿ.” ಹತ್ತು ಐವತ್ತೊಂಬತ್ತಕ್ಕೆ ಮೂವತ್ತೆರಡು ಜನ ‘ರೆಡಿ’ ಎಂದಿದ್ದಾರೆ. ಹನ್ನೊಂದಕ್ಕೆ ಸಂಘದ ಸೈರನ್. ಹನ್ನೊಂದು ಒಂದಕ್ಕೆ ಬಾಳವ್ವ ಮತ್ತೆ: “ಹ್ವಾತು.” ಆ ಒಂದು ಶಬ್ದ ಓದುವಾಗ ಕೂಡುಮನೆ ತುಂಬ ನಗು. ನೂರ ನಲವತ್ತಾರು ಮನೆ, ಎರಡು ಗಿರಣಿ, ಎಂಟು ಪಂಪು, ಒಬ್ಬರೂ ಒಂದು ಸೆಕೆಂಡ್ ತಡ ಮಾಡಲಿಲ್ಲ. ಉಳಿತಾಯ ಮಾಡಿ ಎಂದರೆ ಇಷ್ಟು ಶ್ರದ್ಧೆಯಿಂದ ಮಾಡಿ ಟಿ.ಸಿ. ಸುಟ್ಟ ಊರು ಬೇರೆ ಇರಲಾರದು.

ಮುಂದಿನದಕ್ಕೆ ನಾವು ನಗುವುದಿಲ್ಲ. ಬುಧವಾರ ಅಧ್ಯಕ್ಷರು ಬರೆದರು: ಲೈನ್‌ಮನ್ ಟಿ.ಸಿ.ಯೊಳಗಿನ ಎಣ್ಣೆ ಪರೀಕ್ಷಿಸದ ಕಾರಣ ಅದು ಸುಟ್ಟಿದೆ, ನೋಟಿಸ್ ಕೊಡಲಾಗಿದೆ, ಶುಕ್ರವಾರ ಹತ್ತಕ್ಕೆ ಆಡಳಿತ ಮಂಡಳಿ ತೀರ್ಮಾನಿಸಲಿದೆ. ಟ್ರ್ಯಾಕ್ಟರ್ ಬ್ಯಾಟರಿಗೆ ಮೊಬೈಲ್ ಚುಚ್ಚಿಕೊಂಡ ಜನ ಸಿಟ್ಟಿನಲ್ಲಿದ್ದರು. ಬಾಳವ್ವನೂ ಬಿಡಲಿಲ್ಲ: “ಎಣ್ಣಿ ನೋಡೂದ ಆಗ್ಲಿಲ್ಲಂದ್ರ ಮನ್ಯಾಗ ಕುಂದರ್ಲಿ. ನನ್ನ ಗಿರಣಿ ಮೂರ್ ದಿನದಿಂದ ಬಾಯಿ ತಗದ ನಿಂತೈತಿ.” ದಸ್ತಗೀರ ಉತ್ತರ ಕೊಟ್ಟದ್ದು ಒಂದೇ ಸಾಲು: “ಹೊಸಾ ಟಿ.ಸಿ. ಶನಿವಾರ ಬರ್ತೈತ್ರಿ. ಅಲ್ಲೀತನ ತಂತಿ ಮುಟ್ಟಬ್ಯಾಡ್ರಿ.” ನಾನು ಮೊದಲೇ ಹೇಳಿದ್ದೆ ಎಂದು ಅವರು ಎಲ್ಲೂ ಬರೆದಿಲ್ಲ. ನಿಮ್ಮ ಹೆಸರನ್ನೂ ಎತ್ತಿಲ್ಲ.

ಈಗ ಗುರುವಾರ. ನಿಮ್ಮ ಇವತ್ತು. ಮುಂದಿನ ಎರಡು ತಾಸು ಏನಾಗುತ್ತದೆ ಎಂದು ಹೇಳುತ್ತೇನೆ, ನಾನು ಸುಳ್ಳು ಹೇಳುತ್ತಿಲ್ಲ ಎಂದು ಆಗ ನಿಮಗೇ ಗೊತ್ತಾಗುತ್ತದೆ. ಹನ್ನೆರಡು ಮೂವತ್ತನಾಲ್ಕಕ್ಕೆ ಬಾಳವ್ವ ಬರೆಯುತ್ತಾರೆ: “ನೀಲಕ್ಕಾ, ಹನ್ನೊಂದ್ ಮಿನಿಟಾತು ಟೈಪ್ ಮಾಡಾಕತ್ತಿ ಅಂತ ತೋರಸಾಕತ್ತೈತಿ. ಏನ್ ಪುರಾಣ ಬರ್ಯಾಕತ್ತೀಯೇ?” ಹನ್ನೆರಡು ಮೂವತ್ತಾರಕ್ಕೆ ನಿಮ್ಮ ಸಂದೇಶ ಬರುತ್ತದೆ. ಹನ್ನೆರಡು ನಲವತ್ತಕ್ಕೆ ಅದರ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಿರುತ್ತದೆ. ಆಮೇಲೆ ಬಾಳವ್ವ: “ಏನ್ ಅಳಿಸಿದಿ? ನಾ ಚಸ್ಮಾ ಹುಡುಕೂದ್ರಾಗ ಹ್ವಾತಲ್ಲ.” ನೀವು: ‘ಏನಿಲ್ಲ. ತಪ್ಪಿ ಹೋಗಿತ್ತು.’ ಎರಡು ಚುಕ್ಕಿ.

ನಲವತ್ತೊಂದು ಸಾವಿರದಲ್ಲಿ ನಮ್ಮ ಬಳಗ ಓದಲಾಗದ ಸಂದೇಶ ಇದೊಂದೇ. ಅದರ ಮೇಲೆ ನಾವು ಮಾಡಿದ ಜಗಳ ನಿಮಗೆ ಹೇಳಿದರೆ ನಾಚಿಕೆ. ಅದು ದಸ್ತಗೀರ ಅವರ ಪರವಾಗಿ ಬರೆದದ್ದು ಎಂದು ನನ್ನ ವಾದ. ನನ್ನ ಗೆಳತಿ ಮೆಹಬೂಬಿ ಎರಡು ವರ್ಷದಿಂದ ಒಂದೇ ಹಟ ಹಿಡಿದಿದ್ದಾಳೆ: “ಅದು ಯಾವ್ದೋ ಫಾರ್ವರ್ಡ್ ಇರ್ಬೇಕು, ಮನೀ ಗ್ರೂಪಿಗೆ ಹಾಕೂದು ಇಲ್ಲಿಗೆ ಹಾಕ್ಯಾಳ. ನೀ ಸುಮ್ನ ಆಕೀನ್ನ ದೇವಿ ಮಾಡಬ್ಯಾಡ.” ಫಾರ್ವರ್ಡ್ ಮಾಡಲು ಹನ್ನೊಂದು ನಿಮಿಷ ಟೈಪ್ ಮಾಡುತ್ತಾರೇನೇ ಎಂದರೆ, “ನಿಮ್ಮ ಅಕ್ಕ ಚುಕ್ಕಿ ಹುಡುಕಾಕತ್ತಿರಬೇಕು” ಎನ್ನುತ್ತಾಳೆ. ಹೀಗೆ ಕಚ್ಚಾಡಿಯೇ ನಾವು ಗೆಳತಿಯರಾದದ್ದು.

ನನ್ನ ಬಳಿ ಇನ್ನೊಂದು ಸಾಕ್ಷಿ ಇದೆ, ಅವಳಿಗೂ ತೋರಿಸಿಲ್ಲ. ಇವತ್ತಿಗೂ ಮೊದಲು ನೀವು ಎಲ್ಲರ ಮಾತಿಗೂ ಹೆಬ್ಬೆರಳು ಒತ್ತುತ್ತಿದ್ದಿರಿ. ಎಮ್ಮೆ ಸಿಕ್ಕಿದ್ದಕ್ಕೂ, ಬಾಳವ್ವನ ಜೋಕಿಗೂ. ಈ ಗುರುವಾರದ ನಂತರ ನೀವು ಗ್ರೂಪಿನಲ್ಲಿ ಹತ್ತೊಂಬತ್ತು ವರ್ಷ ಇದ್ದೀರಿ. ಬಳಗದ ಛೀಮಾರಿಗೂ ಹೆದರದೆ ನಾನು ಒಂದೊಂದಾಗಿ ಇಣುಕಿ ನೋಡಿದ್ದೇನೆ. ಒಂದೇ ಒಂದು ಹೆಬ್ಬೆರಳು ಇಲ್ಲ. ಯಾರು ಏನು ಹೇಳಿದರೂ ನೀವು ಕೈಯಾರೆ ಟೈಪ್ ಮಾಡುತ್ತೀರಿ: ‘ಪೂರ್ತಿ ಕೇಳಿದೆ.’

ಶುಕ್ರವಾರ ಏನಾಯಿತು ಎಂದು ಹೇಳಲು ಕಚೇರಿಯ ಅಡ್ಡಿ ಇಲ್ಲ, ಠರಾವು ಸಾವಲ್ಲ. ಹತ್ತು ಇಪ್ಪತ್ತಕ್ಕೆ ದಸ್ತಗೀರ ಅವರನ್ನು ಕೆಲಸದಿಂದ ತೆಗೆದರು. ಶನಿವಾರ ಹೊಸ ಟಿ.ಸಿ. ಬಂತು, ಕೂರಿಸಿದವರು ಬೇರೆ ಊರಿನವರು. ಭಾನುವಾರ ‘ದಸ್ತಗೀರ ಗ್ರೂಪ್ ತೊರೆದಿದ್ದಾರೆ’ ಎಂದಿದೆ. ನಮ್ಮ ಯಾವ ದಾಖಲೆಯಲ್ಲೂ ಅವರು ಮುಂದೆ ಸಿಗುವುದಿಲ್ಲ. ನಾನು ಹುಡುಕಿದೆ. ಮೂರು ತಿಂಗಳ ಮೇಲೆ ಸರ್ವಸಾಧಾರಣ ಸಭೆಯಲ್ಲಿ ಓಣಿ ಪಾಳಿ ಜಾರಿಗೆ ಬಂತು, ‘ಅಧ್ಯಕ್ಷರ ಸಲಹೆಯಂತೆ’. ಏಳನೇ ಓಣಿ ಮೊದಲು. ಠರಾವು ಪುಸ್ತಕದ ಅಕ್ಷರ ನಿಮ್ಮದು. ಅಂದರೆ ನೀವು ಮರೆತಿರಲಿಲ್ಲ ಅಕ್ಕಾರೇ. ಅವರು ಹೇಳಿದ ಕ್ರಮದಲ್ಲೇ ಬರೆದಿರಿ, ಹೆಸರೊಂದನ್ನು ಬಿಟ್ಟು.

ನಮ್ಮ ತಂತಿಗಳಲ್ಲಿ ಈಗ ತುದಿ, ಬುಡ ಎಂಬ ವ್ಯತ್ಯಾಸವಿಲ್ಲ. ಆದರೂ ನಾನು ಏಳನೇ ಓಣಿಯವಳು, ದಿನಾ ಮಧ್ಯಾಹ್ನ ಊರಿಗೆಲ್ಲ ಮೊದಲು ನಾನು ಬಿಸಿನೀರು ಹಾಕುತ್ತೇನೆ. ನನ್ನ ಮನೆಯ ಫ್ಯಾನ್ ತಿರುಗುತ್ತದೋ ಇಲ್ಲವೋ ಎಂದು ಯೋಚಿಸಿದ ಮನುಷ್ಯನ ಹೆಸರು ನನ್ನ ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಎನ್ನುವುದನ್ನು ನೆನೆಸಿಕೊಂಡೇ ಮೀಯುತ್ತೇನೆ. ಅದಕ್ಕೇ ಜನ್ಮಕ್ಕೊಂದೇ ಪತ್ರವನ್ನು ಇದಕ್ಕೆ ಖರ್ಚು ಮಾಡಿದೆ. ಮೇಡಂ ಎರಡೆರಡು ಸಲ ಕೇಳಿದರು, “ಖರೇನಾ ತಂಗಿ? ಮಂದಿ ತಮ್ಮ ಮುತ್ತಜ್ಜಿಗೆ ಬರೀತಾರ, ನೀ ಕರೆಂಟ್ ಆಫೀಸಿಗೆ ಬರೀತೀಯಾ?” ಹೌದ್ರೀ ಎಂದೆ.

ನನ್ನ ಕೋರಿಕೆ ಸಣ್ಣದು. ಇವತ್ತು ಏನು ಬರೆಯುತ್ತೀರೋ ಬರೆಯಿರಿ, ನಾನು ಒಂದು ಅಕ್ಷರವನ್ನೂ ಹೇಳಿಕೊಡುವುದಿಲ್ಲ. ಕಳಿಸಿದ ಮೇಲೆ ಅಳಿಸಬೇಡಿ. ಮೆಹಬೂಬಿ ಹೇಳಿದಂತೆ ಅದು ಫಾರ್ವರ್ಡೇ ಆಗಿದ್ದರೆ ಈ ಕಾಗದವನ್ನು ಹರಿದು ಬಿಸಾಡಿ, ನಾನು ಸೋತೆ. ಅಲ್ಲವಾದರೆ, ಶುಕ್ರವಾರ ಹತ್ತು ಗಂಟೆಗೆ ಮೊದಲು ಊರು ಅದನ್ನು ಓದಬೇಕು. ಬೈಯುತ್ತಾರೆ. ಬಾಳವ್ವ ಎಲ್ಲರಿಗಿಂತ ಜೋರಾಗಿ ಬೈಯುತ್ತಾರೆ. ಅವರ ಇಡೀ ಬರಹ ಓದಿದವಳಾಗಿ ಹೇಳುತ್ತೇನೆ, ಅವರ ಸಿಟ್ಟು ಒಂದು ಗಿರಣಿ ಜೋಳ ಬೀಸುವಷ್ಟು ಹೊತ್ತು ಇರುತ್ತದೆ. ನಿಮ್ಮ ಕೆಲಸ ಹೋಗಬಹುದೇ ಎಂದು ಕೇಳಿದರೆ, ಹೋಗಬಹುದು. ಇಲ್ಲ ಎಂದು ನಾನು ಹೇಳಲಾರೆ, ಆ ದಾರಿಯಲ್ಲಿ ಏನಾಯಿತು ಎಂಬುದು ನಮ್ಮಲ್ಲಿ ಬರೆದಿಲ್ಲ.

ನನಗೂ ಒಂದು ನಷ್ಟವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆ ಸಂದೇಶ ಉಳಿದರೆ ಓದಲಾಗದ ಸಂದೇಶ ಎಂಬುದು ಇರುವುದಿಲ್ಲ. ಅದರ ಮೇಲಿನ ಜಗಳ ಇರುವುದಿಲ್ಲ. ಮೆಹಬೂಬಿ ಪಕ್ಕದ ಊರಿನವಳು. ಆ ಜಗಳ ಇಲ್ಲದಿದ್ದರೆ ಅವಳು ನಮ್ಮ ಕೂಡುಮನೆಗೆ ಬರುತ್ತಲೇ ಇರಲಿಲ್ಲ. ಪಾಳಿ ಮೂರು ತಿಂಗಳು ಮೊದಲೇ ಶುರುವಾದರೆ ನಮ್ಮ ವರ್ಷದ ಎಣಿಕೆಯೂ ಸರಿಯುತ್ತದೆ, ನನ್ನ ಹುಟ್ಟುಹಬ್ಬ ಬೇರೆ ದಿನಕ್ಕೆ ಹೋಗುತ್ತದೆ. ಈ ಪತ್ರ ಬರೆಯಲು ನನಗೆ ಕಾರಣವೇ ಇರುವುದಿಲ್ಲ. ಬರೆದೆ ಎಂಬುದೂ ನೆನಪಿರುವುದಿಲ್ಲ. ಎರಡು ದಿನ ಯೋಚಿಸಿದೆ. ಮೆಹಬೂಬಿಗೆ ಹೇಳಲಿಲ್ಲ. ನಿನ್ನೆ ಸಂಜೆ ಅವಳಿಗೆ ನಮ್ಮ ಖಾನೆಯ ಉಪ್ಪಿನಕಾಯಿ ಪೂರ್ತಿ ಕೊಟ್ಟು ಕಳಿಸಿದೆ. “ಏನಾಗೇತಿ ನಿನಗ?” ಎಂದು ಅವಳು ಎರಡು ಸಲ ತಿರುಗಿ ನೋಡಿದಳು.

ಕಾಗದದ ಅಂಚಿಗೆ ಈಗ ಕೆಂಪು ಗೆರೆ ಕಾಣಿಸತೊಡಗಿರಬೇಕು, ಸುರುಳಿ ಮುಗಿಯುತ್ತ ಬಂತು ಎಂದು. ಇಷ್ಟೇ ಅಕ್ಕಾರೇ. ಹನ್ನೆರಡು ಮೂವತ್ತಾರಕ್ಕೆ ಕಳಿಸಿ. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ. ಡಬ್ಬಿ ತೆಗೆದು ರೊಟ್ಟಿ ಮುರಿಯಿರಿ. ನಾಲ್ಕೇ ನಿಮಿಷ. ಬಾಳವ್ವನಿಗೆ ಚಸ್ಮಾ ಸಿಗಲು ಅಷ್ಟು ಹೊತ್ತು ಬೇಕು.

ಏಳನೇ ಓಣಿಯ
ಹೊನ್ನೂರಿ